ಬೂದಿ ಮುಚ್ಚಿದ ಉರಿ



ಕಾಲಿಗೆ ಮುಳ್ಳು ನೆಟ್ಟರೆ ಆ ಸ್ಥಳವು ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುವದು. ಇದೇ ಉರಿಯೂತ. ಇದು ವೈರಿಯಲ್ಲ, ದೇಹವು ಗಾಯವನ್ನು ಕಾಯುವ ರೀತಿ. ಮುಳ್ಳು ಹೊರಟು ಗಾಯ ಮಾಗಿದರೆ ಶಮನವಾಗುವದು. ಆದರೆ ಗಾಯವಿಲ್ಲದೆ, ಬೂದಿ ಮುಚ್ಚಿದ ಕೆಂಡದಂತೆ ವರುಷಗಟ್ಟಲೆ ಒಳಗೇ ಇರುವ ಇನ್ನೊಂದು ಉರಿಯೂತವುಂಟು. ಅದು ರಕ್ತನಾಳಗಳನ್ನು ಕೆಡಿಸಿ, ಸಿಹಿಮೂತ್ರ ರೋಗಕ್ಕೂ ಹೃದ್ರೋಗಕ್ಕೂ ದಾರಿ ಮಾಡುವದು.

ಅದು ಹುಟ್ಟುವದೆಲ್ಲಿಂದ? ಒಂದು ಮುಖ್ಯ ಮೂಲವು ಹೊಟ್ಟೆಯೊಳಗೆ ಕೂಡಿದ ಕೊಬ್ಬು. ಅದು ಸುಮ್ಮನಿರುವ ವಸ್ತುವಲ್ಲ. ಉರಿಯೂತವನ್ನೆಬ್ಬಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುವದು. ಮುಟ್ಟು ನಿಂತ ಮೇಲೆ ಸ್ತ್ರೀಯರ ದೇಹದಲ್ಲಿ ಈಸ್ಟ್ರೋಜೆನ್ ಕಡಿಮೆಯಾಗುವದರಿಂದ ಕೊಬ್ಬು ಹೊಟ್ಟೆಯ ಕಡೆಗೇ ಹೆಚ್ಚಾಗಿ ಸೇರುವದು. ನಮ್ಮ ದೇಶದ ಸ್ತ್ರೀಯರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರು ಮುಟ್ಟಿದರೆ ಎಚ್ಚರಿಕೆಯ ಗುರುತು.

“ಹಗಲೆಲ್ಲಾ ದುಡಿಯುವ ನಾವು ಸೋಮಾರಿಗಳೋ?” ಎಂದು ನರಿಕೊಂಬಿನಲ್ಲಿಯೂ ಬಂಟ್ವಾಳ ಸೀಮೆಯ ಇತರ ಗ್ರಾಮಗಳಲ್ಲಿಯೂ ಬೀಡಿ ಕಟ್ಟುವ ತಾಯಂದಿರು ಕೇಳಾರು. ಅಲ್ಲವೇ ಅಲ್ಲ, ಈ ಸೀಮೆಯ ಅನೇಕ ಮನೆಗಳ ಒಲೆ ಉರಿದದ್ದೂ ಮಕ್ಕಳು ಓದಿದ್ದೂ ಇಂಥವರ ಬೆರಳುಗಳಿಂದಲೇ. ಆದರೆ ಮಡಿಲಲ್ಲಿ ಗೆರಸೆಯಿಟ್ಟು ತಾಸುಗಟ್ಟಲೆ ಕೂತಾಗ ಕೈಗಳು ದುಡಿಯುವವು, ತೊಡೆಕಾಲುಗಳ ದೊಡ್ಡ ಸ್ನಾಯುಗಳು ನಿದ್ರಿಸುವವು. ಉಂಡ ಅನ್ನದ ಸಕ್ಕರೆಯನ್ನು ರಕ್ತದಿಂದ ಬಹಳವಾಗಿ ಎಳೆದುಕೊಳ್ಳತಕ್ಕವು ಇಂಥ ಸ್ನಾಯುಗಳೇ. ಹಿಂದಿನವರು ಭತ್ತ ಕುಟ್ಟಿದರು, ಬಾವಿಯಿಂದ ನೀರು ಸೇದಿದರು. ಈಗ ಗಿರಣಿಯೂ ಪಂಪೂ ಆ ಕೆಲಸ ಮಾಡುವವು. ಊಟವಾದರೋ ತಗ್ಗಲಿಲ್ಲ; ಸಕ್ಕರೆಯ ಚಹವೂ ಬೇಕರಿಯ ತಿಂಡಿಯೂ ಕೂಡಿಕೊಂಡವು.

ಆದಕಾರಣ ಮಾಡತಕ್ಕದ್ದೇನು? ಅರ್ಧ ತಾಸಿಗೊಮ್ಮೆ ಗೆರಸೆಯನ್ನು ಕೆಳಗಿಟ್ಟು ಎದ್ದು ಅಂಗಳದಲ್ಲಿ ನಡೆಯಿರಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಐದು ದಿವಸ ಅರ್ಧ ತಾಸು ನಡೆದರೆ ಸಾಕು. ಬಟ್ಟಲಲ್ಲಿ ಅನ್ನ ತುಸು ತಗ್ಗಲಿ. ಹುರುಳಿ, ಹೆಸರು, ಹರಿವೆ, ಬಸಳೆ, ನುಗ್ಗೆಸೊಪ್ಪು ಹೆಚ್ಚಲಿ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಒಳ್ಳೆಯವು; ಅವುಗಳ ಒಮೆಗಾ-3 ಕೊಬ್ಬು ಉರಿಯೂತವನ್ನು ತಗ್ಗಿಸಲು ಸಹಾಯಮಾಡುವದು. ಕೀಲುಗಳು ಊದಿ, ಮುಂಜಾನೆ ಬಹು ಹೊತ್ತು ಬಿಗಿದಿದ್ದರೆ ಅದು ಸಂಧಿವಾತವಿರಬಹುದು; ಪಥ್ಯವನ್ನೇ ನಂಬದೆ ವೈದ್ಯರ ಬಳಿಗೆ ಹೋಗಿರಿ.

ಮನೆಯ ಗಂಡಸರಿಗೂ ಒಂದು ಮಾತು. ಎಲ್ಲರಿಗೂ ಬಡಿಸಿ, ಉಳಿದದ್ದನ್ನುಂಡು, ತಿರಿಗಿ ಗೆರಸೆಯ ಮುಂದೆ ಕೂಡ್ರುವವಳಿಗೆ ನಡೆಯಲು ಅರ್ಧ ತಾಸು ಎಲ್ಲಿಂದ ಬರಬೇಕು? ಪಾತ್ರೆ ತೊಳೆಯುವದನ್ನು ನೀವು ವಹಿಸಿಕೊಂಡರೆ ಅದು ಸಿಕ್ಕುವದು.