ಕೊಬ್ಬರಿ ದುಡ್ಡಿಗೆ ಸಲಹೆ ಹೇಳುವವರಿಗೂ ನೋಂದಣಿ ಬೇಕು

ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಗಡಗಡ ಎಂದಮೇಲೆ ಸುಲಿಯುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೂಢಿ. ಹಾಗೆ ಕಾದು ಕಂಡ ದುಡ್ಡನ್ನು ಎಲ್ಲಿ ಹಾಕಬೇಕು ಎಂಬ ಮಾತು ಬಂದಾಗ ಮಾತ್ರ ಈ ಪರೀಕ್ಷೆ ಮರೆತುಹೋಗುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಯ ದರ, ಕ್ವಿಂಟಲ್‌ಗೆ 12,100 ರೂಪಾಯಿ ಇದ್ದ ಬೆಂಬಲ ಬೆಲೆಯ ಎರಡರಷ್ಟನ್ನು ದಾಟಿತು. ಕೈಯಲ್ಲಿ ಕಾಸು ಆಡುವ ಕಾಲದಲ್ಲಿ ಷೇರು, ಮ್ಯೂಚುವಲ್ ಫಂಡ್ ಬಗ್ಗೆ ಹೇಳಿಕೊಡಲು ಬರುವವರೂ ಹೆಚ್ಚು.

ದುಡ್ಡು ಪಡೆದು ಹೀಗೆ ಸಲಹೆ ಕೊಡುವುದೇ ಒಂದು ವೃತ್ತಿ. ಅದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಯಡಿ ನೋಂದಣಿ ಕಡ್ಡಾಯ. ಕೊಬ್ಬರಿ ಯಾವಾಗ ಮಾರಬೇಕು, ಸೈಟು ಕೊಳ್ಳಲೋ ಬೇಡವೋ ಎಂದು ಹೇಳುವವರಿಗೆ ಇದು ಅನ್ವಯಿಸದು.

ಮಂಡಿಯ ವ್ಯವಹಾರ ಬಲ್ಲವರಿಗೆ ಇದರ ತಿರುಳು ಬೇಗ ಹತ್ತುತ್ತದೆ. ಮಾಲು ಮಾರಾಟವಾದರೆ ದಲಾಲರಿಗೆ ಕಮಿಷನ್. ಸಲಹೆಗಾರರಿಗೆ ಕಾನೂನು ಇಟ್ಟಿರುವುದು ಇದರ ತದ್ವಿರುದ್ಧ ದಾರಿ: ಅವರ ಸಂಪಾದನೆ ನೀವು ಕೊಡುವ ಶುಲ್ಕ ಮಾತ್ರ. ನಿಮಗೆ ಹೇಳಿದ ಹೂಡಿಕೆಯ ಮೇಲೆ ಫಂಡ್ ಕಂಪನಿಯಿಂದ ಕಮಿಷನ್ ಮುಟ್ಟುವಂತಿಲ್ಲ. ‘ನೀವೇನೂ ಕೊಡಬೇಡಿ, ಕಂಪನಿಯವರೇ ಕೊಡುತ್ತಾರೆ’ ಎನ್ನುವವರು ವಿತರಕರು. ಅದೂ ಮರ್ಯಾದೆಯ ಕೆಲಸವೇ, ಅದಕ್ಕೆ ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ನೋಂದಣಿ ಇದೆ. ಆದರೆ ಎದುರಿಗೆ ಕುಳಿತವರು ಯಾರ ಕಡೆಯವರು ಎಂಬುದು ಮೊದಲೇ ತಿಳಿದಿರಲಿ.

ಈ ವೃತ್ತಿ ಹಿಡಿಯುವ ಆಸೆಯಿರುವ ನಮ್ಮೂರಿನ ಬಿ.ಕಾಂ. ಪದವೀಧರರಿಗೆ ದಾರಿ ಈಗ ಸಲೀಸಾಗಿದೆ. 2024ರ ಡಿಸೆಂಬರ್‌ನ ತಿದ್ದುಪಡಿ ಅನುಭವದ ಷರತ್ತನ್ನೂ ನಿವ್ವಳ ಆಸ್ತಿಯ ಷರತ್ತನ್ನೂ ತೆಗೆದುಹಾಕಿತು. ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ 10-ಎ ಮತ್ತು 10-ಬಿ ಪರೀಕ್ಷೆ ಪಾಸು ಮಾಡಬೇಕು. ಗ್ರಾಹಕರು 150ರವರೆಗೆ ಇದ್ದರೆ 1 ಲಕ್ಷ ರೂಪಾಯಿ ಠೇವಣಿ ಇಡಬೇಕು, 300ರವರೆಗೆ 2 ಲಕ್ಷ. ಬೇರೆ ಉದ್ಯೋಗದ ಜತೆಗೆ ಅರೆಕಾಲಿಕವಾಗಿ ಮಾಡುವುದಾದರೆ 75 ಗ್ರಾಹಕರನ್ನು ಮೀರುವಂತಿಲ್ಲ. ಗ್ರಾಹಕರು 300 ದಾಟಿದರೆ ಅಥವಾ ವರ್ಷದ ಶುಲ್ಕ 3 ಕೋಟಿ ಮೀರಿದರೆ ವ್ಯಕ್ತಿಯ ಬದಲು ಸಂಸ್ಥೆಯ ಸ್ವರೂಪಕ್ಕೆ ಬದಲಾಗಬೇಕು.

ನಿಜವಾದ ಶಿಸ್ತು ನೋಂದಣಿಯ ನಂತರದ್ದು. ಗ್ರಾಹಕರೊಂದಿಗೆ ಲಿಖಿತ ಒಪ್ಪಂದ ಆಗುವ ಮೊದಲು ಶುಲ್ಕ ಪಡೆಯುವಂತಿಲ್ಲ. ಅವರ ಆದಾಯ, ಸಾಲ, ವಯಸ್ಸು, ನಷ್ಟ ತಾಳುವ ಶಕ್ತಿ ಕೇಳಿ ಬರೆದಿಡಬೇಕು. ವರ್ಷಕ್ಕೊಮ್ಮೆ ಕೈಗೆ ದುಡ್ಡು ಬರುವ ತೆಂಗಿನ ರೈತರಿಗೆ ತಿಂಗಳ ಸಂಬಳದವರ ಯೋಜನೆ ಹೊಂದದು. ಇದನ್ನೆಲ್ಲ ಕೇಳದೆ ಕೊಟ್ಟ ಸಲಹೆ ನನ್ನ ಪ್ರಕಾರ ಸಲಹೆಯೇ ಅಲ್ಲ. ದಾಖಲೆಗಳನ್ನು 5 ವರ್ಷ ಕಾಪಾಡಬೇಕು, ಪ್ರತಿವರ್ಷ ಆಡಿಟ್ ಮಾಡಿಸಬೇಕು. ನಿಗದಿತ ಶುಲ್ಕವಾದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 1,51,000 ರೂಪಾಯಿ ಮೀರಕೂಡದು.

ಇನ್ನು ದುಡ್ಡು ಹಾಕುವವರಿಗೆ ಒಂದು ಮಾತು. ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ ಅಕ್ಷರಗಳಿಂದ ಶುರುವಾಗುತ್ತದೆ. ಸೆಬಿ ಜಾಲತಾಣದ ಪಟ್ಟಿಯಲ್ಲಿ ಅದು ಅದೇ ಹೆಸರಿಗೆ ಇದೆಯೇ ನೋಡಿ. ಶುಲ್ಕವನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ‘ಇಷ್ಟು ಲಾಭ ಗ್ಯಾರಂಟಿ’ ಎಂಬ ಮಾತಾಗಲಿ, ಹೂಡಿಕೆಯ ಹಣವನ್ನು ‘ನನ್ನ ಖಾತೆಗೆ ಹಾಕಿ’ ಎಂಬ ಮಾತಾಗಲಿ ಬಂದರೆ ಅಲ್ಲಿಂದ ಎದ್ದುಬನ್ನಿ.

ನೋಂದಾಯಿತ ಸಲಹೆಗಾರರಿಂದ ಅನ್ಯಾಯವಾದರೆ ಮೊದಲು ಅವರಿಗೇ ಬರೆದು ಕೊಡಿ. 21 ದಿನದಲ್ಲಿ ಪರಿಹಾರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ತಾಣದಲ್ಲಿ ದೂರು ಸಲ್ಲಿಸಿ. ಇದಕ್ಕೆ ವಕೀಲರೂ ಬೇಕಿಲ್ಲ, ಖರ್ಚೂ ಇಲ್ಲ. ನೋಂದಣಿಯಿಲ್ಲದವರ ಕೈಗೆ ಸಿಕ್ಕವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅವರು ಪೊಲೀಸ್ ಠಾಣೆಗೇ ಹೋಗಬೇಕು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ಗೊತ್ತಾದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.