ಗುಂಡಿ ಹಾಕುವುದೂ ಚಿಕಿತ್ಸೆಯೇ

ಬಾಡ ಗ್ರಾಮದ ಕಾಂಚಿಕಾ ಪರಮೇಶ್ವರಿ ದೇವಸ್ಥಾನದಲ್ಲಿ ವಾದ್ಯ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಕಂಡರೆ ‘ಹಟಮಾರಿ’ ಎಂದುಬಿಡಬೇಡಿ. ಆಟಿಸಂ ಇರುವ ಹಲವು ಮಕ್ಕಳಿಗೆ ಸದ್ದು, ಬೆಳಕು, ಬಟ್ಟೆಯ ಒರಟು, ಅನ್ನದ ಜಿಗುಟು ತಡೆಯಲಾರದಷ್ಟು ಜೋರಾಗಿ ತಟ್ಟುತ್ತವೆ.

ಇಂಥ ಮಗುವಿಗೆ ಉಣ್ಣುವುದು, ಹಲ್ಲುಜ್ಜುವುದು, ಆಡುವುದು ಎಲ್ಲಿ ತೊಡಕಾಗುತ್ತಿದೆ ಎಂದು ನೋಡಿ, ಅಲ್ಲಿಂದ ಚೂರುಚೂರೇ ಕಲಿಸುವುದು ಆಕ್ಯುಪೇಷನಲ್ ಥೆರಪಿಯವರ ಕೆಲಸ. ಅಂಗಿಯ ಗುಂಡಿಯನ್ನೇ ತಗೊಳ್ಳಿ. ಉಳಿದವನ್ನೆಲ್ಲ ಅಮ್ಮ ಹಾಕಿ, ಕೊನೆಯದನ್ನು ಅರ್ಧ ತೂರಿಸಿ ಬಿಡುವುದು. ಎಳೆಯುವುದಷ್ಟೇ ಮಗುವಿನ ಪಾಲು. ಅದು ಕೈಗೆ ಹತ್ತಿದ ಮೇಲೆ ಪೂರ್ತಿ ಒಂದು ಗುಂಡಿ, ಆಮೇಲೆ ಎರಡು. ತಡೆಯಲಾರದೆ ತಾವೇ ಹಾಕಿಬಿಡುವ ಚಾಳಿ ಅಜ್ಜಿಯಂದಿರಿಗೆ ಇರುತ್ತದೆ, ಅವರಿಗೂ ಹೇಳಿಕೊಡಿ.

ದುಬಾರಿ ಥೆರಪಿ ಸಾಮಾನಿಗೆ ಓಡಬೇಕಿಲ್ಲ. ಚೆನ್ನೆಮಣೆಯ ಕಾಯಿ ಬೆರಳಿಗೆ ಒಳ್ಳೆಯ ಕಸರತ್ತು (ಬಾಯಿಗೆ ಹಾಕುವ ಮಗುವಾದರೆ ಬೇಡ). ಸಮುದ್ರದಂಡೆಯ ಒದ್ದೆ ಮರಳು ಕೆಲವರಿಗೆ ಇಷ್ಟ, ಕೆಲವರು ಮುಟ್ಟುವುದೇ ಇಲ್ಲ. ಒತ್ತಾಯ ಮಾಡಬೇಡಿ.

ಆಟಿಸಂ ಇರಬಹುದೆಂಬ ಸಂಶಯ ಬಂದರೆ ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಕಾಯದೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಆಟಿಸಂ ಇರುವವರಿಗೂ ಸಿಗುವ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿದ್ದು, ಥೆರಪಿಗೂ ಅದರಲ್ಲಿ ಪಾಲಿದೆ. ಥೆರಪಿಗೆಂದು ಮಣಿಪಾಲದವರೆಗೆ ಹೋಗುವವರು ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆಸಿಕೊಂಡೇ ಬನ್ನಿ; ಥೆರಪಿಯವರು ಒಪ್ಪಿದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.