ಉಣ್ಣಿಯ ಒಡಲಲ್ಲಿ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣಾನದಿಯ ದಡದಲ್ಲಿ ತಂಗಡಗಿ ಎಂಬ ಗ್ರಾಮವಿದೆ. ಶರಣೆ ನೀಲಾಂಬಿಕೆಯ ಐಕ್ಯಸ್ಥಳವೆಂದು ಅದು ಪ್ರಸಿದ್ಧವಾಗಿದೆ. ಈ ಸೀಮೆಯ ಬೇಸಾಯವು ಬಹುಕಾಲ ಎತ್ತುಗಳ ಹೆಗಲನ್ನೇ ನಂಬಿಕೊಂಡಿತ್ತು. ಎರೆಭೂಮಿಯಲ್ಲಿ ಭಾರವಾದ ನೇಗಿಲನ್ನು ಎಳೆಯಬಲ್ಲ ಕೃಷ್ಣಾ ಕಣಿವೆ ತಳಿಯೂ ಚುರುಕುನಡೆಯ ಖಿಲಾರಿ ತಳಿಯೂ ಈ ಭಾಗದಲ್ಲಿ ಹೆಸರಾದವು. ಇಂದು ಹಾಲಿಗಾಗಿ ಮಿಶ್ರತಳಿಯ ಹಸುಗಳನ್ನೂ ರೈತರು ಸಾಕುತ್ತಾರೆ. ಇವೆಲ್ಲಕ್ಕೂ ಸಮಾನವಾದ ಶತ್ರುವೊಂದುಂಟು. ಅದೇ ಉಣ್ಣಿ.

ಉಣ್ಣಿ ಹೀರುವ ರಕ್ತಕ್ಕಿಂತ ಅದು ದನದ ಮೈಯೊಳಗೆ ಬಿಟ್ಟುಹೋಗುವ ಸೂಕ್ಷ್ಮ ಪರೋಪಜೀವಿಗಳೇ ಹೆಚ್ಚು ಅಪಾಯಕರ. ದನಗಳ ಜ್ವರವೊಂದು ಉಣ್ಣಿಯಿಂದ ಹರಡುವುದೆಂಬುದನ್ನು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ಪ್ರಕಟಪಡಿಸಿದರು. ಆ ಜ್ವರಕ್ಕೆ ಕಾರಣವಾದುದು ಬಬೇಸಿಯಾ. ಭಾರತದ ದನಗಳನ್ನು ಬಹಳವಾಗಿ ಕಾಡುವ ಇನ್ನೊಂದು ಪರೋಪಜೀವಿ ಥೈಲೇರಿಯಾ. ಇದು ಮೊದಲು ಬಿಳಿ ರಕ್ತಕಣಗಳನ್ನೂ ಅನಂತರ ಕೆಂಪು ರಕ್ತಕಣಗಳನ್ನೂ ಹೊಗುತ್ತದೆ. ಜ್ವರವೇರುತ್ತದೆ, ಹೆಗಲ ಮುಂದಿನ ದುಗ್ಧರಸ ಗ್ರಂಥಿಗಳು ಊದಿಕೊಳ್ಳುತ್ತವೆ, ರಕ್ತಹೀನತೆ ಉಂಟಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಮಿಶ್ರತಳಿಯ ಹಸು ಸಾಯಲೂಬಹುದು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಹನಿ ರಕ್ತದಲ್ಲಿರುವ ಥೈಲೇರಿಯಾಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಆದರೆ ಅವುಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದಾಗ ಬೇರೊಂದು ಸಂಗತಿ ತಿಳಿದುಬರುತ್ತದೆ. ಕಣದಲ್ಲಿ ರಾಶಿ ಹಾಕಿದ ಜೋಳ ದೂರದಿಂದ ಒಂದೇ ಬಗೆಯಾಗಿ ಕಂಡರೂ ಅದರಲ್ಲಿ ಹಲವು ತಳಿಯ ಕಾಳುಗಳು ಬೆರೆತಿರಬಹುದಲ್ಲವೇ? ಹಾಗೆಯೇ ಒಂದೇ ಹಸುವಿನ ರಕ್ತದಲ್ಲಿ ಒಂದೇ ಹೆಸರಿನ, ಆದರೆ ಬೇರೆಬೇರೆ ವಂಶವಾಹಿಗಳುಳ್ಳ ಪರೋಪಜೀವಿಗಳು ಒಟ್ಟಿಗೆ ಇರುತ್ತವೆ. ಇದನ್ನೇ ಅನುವಂಶೀಯ ವೈವಿಧ್ಯ ಎನ್ನುತ್ತಾರೆ.

ಈ ವೈವಿಧ್ಯ ಹುಟ್ಟುವುದು ಎಲ್ಲಿ? ದನದ ಮೈಯಲ್ಲಿ ಥೈಲೇರಿಯಾ ಕೇವಲ ಒಡೆದು ಹೆಚ್ಚುತ್ತದೆ. ಮರಿಯು ತಾಯಿಯಂತೆಯೇ ಇರುತ್ತದೆ. ಉಣ್ಣಿಯ ಕರುಳಿನಲ್ಲಾದರೋ ಗಂಡು ಹೆಣ್ಣು ಕಣಗಳು ಕೂಡುತ್ತವೆ. ಉಣ್ಣಿಯು ಕುಡಿದ ರಕ್ತದಲ್ಲಿ ಎರಡು ಬಗೆಗಳಿದ್ದರೆ ಅವುಗಳ ವಂಶವಾಹಿಗಳು ಬೆರೆತು ಮೂರನೆಯ ಬಗೆ ಹುಟ್ಟಬಹುದು. ಹೀಗೆ ರೋಗವನ್ನು ಹೊತ್ತು ತಿರುಗುವ ಉಣ್ಣಿಯೇ ಅದರ ಹೊಸ ಬಗೆಗಳಿಗೆ ತೊಟ್ಟಿಲೂ ಆಗಿದೆ.

ಇದರ ಪರಿಣಾಮವನ್ನು ರೈತನು ಅನುಭವಿಸಬೇಕಾಗುತ್ತದೆ. ಥೈಲೇರಿಯಾ ರೋಗಕ್ಕೆ ಬುಪಾರ್ವಕ್ವೋನ್ ಎಂಬ ಉತ್ತಮ ಔಷಧಿಯಿದೆ. ಆದರೆ ಟುನೀಷಿಯಾ, ಇರಾನ್ ಮೊದಲಾದ ದೇಶಗಳಲ್ಲಿ ಈ ಔಷಧಿಗೆ ಬಗ್ಗದ ಥೈಲೇರಿಯಾಗಳು ಕಂಡುಬಂದಿವೆ. ಔಷಧಿಯು ದುರ್ಬಲವಾದವನ್ನು ಕೊಲ್ಲುತ್ತದೆ. ಉಳಿದುಕೊಂಡ ಗಟ್ಟಿ ಬಗೆಗಳು ಹೆಚ್ಚುತ್ತವೆ. ಆದುದರಿಂದ ಪಶುವೈದ್ಯರ ಸಲಹೆಯಿಲ್ಲದೆ ಅರೆಬರೆ ಪ್ರಮಾಣದಲ್ಲಿ ಔಷಧಿ ಕೊಡುವುದು ಅಪಾಯಕರ.

ಶತ್ರುವಿನಲ್ಲಿ ವೈವಿಧ್ಯವಿರುವಂತೆ ದನಗಳಲ್ಲಿಯೂ ವೈವಿಧ್ಯವುಂಟು. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೋಲ್‌ಸ್ಟೀನ್ ಮತ್ತು ಸಾಹಿವಾಲ್ ಕರುಗಳಿಗೆ ಥೈಲೇರಿಯಾ ಸೋಂಕನ್ನು ತಗುಲಿಸಲಾಯಿತು. ಹೋಲ್‌ಸ್ಟೀನ್ ಕರುಗಳಲ್ಲಿ ರೋಗವು ಉಲ್ಬಣಿಸಿತು. ಭಾರತೀಯ ಮೂಲದ ಸಾಹಿವಾಲ್ ಕರುಗಳು ಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡವು. ಶತಮಾನಗಳಿಂದ ಉಣ್ಣಿಯೊಡನೆ ಬಾಳಿಬಂದ ತಳಿಗಳ ರಕ್ತದಲ್ಲಿ ಇಂತಹ ಶಕ್ತಿ ಅಡಗಿರುತ್ತದೆ. ಸಂಖ್ಯೆಯಲ್ಲಿ ಕ್ಷೀಣಿಸಿರುವ ಕೃಷ್ಣಾ ಕಣಿವೆಯಂತಹ ತಳಿ ಅಳಿದುಹೋದರೆ, ಅದರಲ್ಲಿರಬಹುದಾದ ಗುಣಗಳೂ ಅದರೊಡನೆ ಅಳಿಯುತ್ತವೆ.

ರೈತನ ಕೈಯಲ್ಲಿಯೇ ಇರುವ ಉಪಾಯವೂ ಒಂದುಂಟು. ಥೈಲೇರಿಯಾವನ್ನು ಹರಡುವ ಉಣ್ಣಿಯು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅವಿತಿರುತ್ತದೆ. ಅದು ದನವನ್ನು ಕಚ್ಚಿದ ಮೇಲೆ ಅದರ ಜೊಲ್ಲಿನಲ್ಲಿ ಪರೋಪಜೀವಿ ಪಕ್ವವಾಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಬಿರುಕುಗಳನ್ನು ಮೆತ್ತಿ, ದಿನವೂ ದನದ ಮೈ ತಡವಿ, ಉಣ್ಣಿಗಳನ್ನು ಕಿತ್ತು ನಾಶಮಾಡಿದರೆ ರೋಗವು ಬಹುಮಟ್ಟಿಗೆ ತಪ್ಪುತ್ತದೆ. ಹೊಸ ಬಗೆಗಳು ಹುಟ್ಟುವ ತೊಟ್ಟಿಲೂ ಮುರಿಯುತ್ತದೆ.